ಮಿನುಗುವ ದೀಪಕ್ಕೆ ಅರ್ಥ ಎಷ್ಟು?

ಎರಡೇ ಸಾಲು ವಾಹನ ಹಿಡಿಯುವ ಹೆದ್ದಾರಿ. ಮುಂದೆ ಸಾಗುತ್ತಿರುವ ಲಾರಿಯ ಬಲಬದಿಯ ಇಂಡಿಕೇಟರ್ ಮಿನುಗತೊಡಗುತ್ತದೆ. ಹಿಂದಿರುವ ಕಾರಿನವನು ಇದನ್ನು ಏನೆಂದು ತಿಳಿಯಬೇಕು?

ಕಾನೂನಿನ ಉತ್ತರ ಒಂದೇ. ಲಾರಿ ಬಲಕ್ಕೆ ತಿರುಗಲಿದೆ ಅಥವಾ ಸರಿಯಲಿದೆ, ಹಿಂದಿನವರು ತಾಳಬೇಕು. ರಸ್ತೆಯ ರೂಢಿಯಲ್ಲಿ ಇನ್ನೂ ಎರಡು ಉತ್ತರಗಳುಂಟು. ‘ಎದುರಿನಿಂದ ಗಾಡಿ ಬರುತ್ತಿದೆ, ಈಗ ನುಗ್ಗಬೇಡ’ ಎಂಬುದು ಒಂದು. ‘ದಾರಿ ಖಾಲಿ ಇದೆ, ಬಲಗಡೆಯಿಂದ ಹೋಗು’ ಎಂಬುದು ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಒಂದೇ ದೀಪ ‘ಹೋಗು’ ಎಂದೂ ‘ಬೇಡ’ ಎಂದೂ ಹೇಳತೊಡಗಿದರೆ ತಪ್ಪು ತಿಳಿದವನ ಜೀವಕ್ಕೇ ಸಂಚಕಾರ.

ಈ ಗೊಂದಲದ ಬೇರು ದೀಪಕ್ಕಿಂತ ಹಳೆಯದಾದ ಕೈಸನ್ನೆಯಲ್ಲಿದೆ ಎನ್ನಬಹುದು. 1989ರ ರಸ್ತೆ ನಿಯಮಾವಳಿ ಚಾಲಕನ ಬಲಗೈಗೆ ಐದು ಸನ್ನೆಗಳನ್ನು ಗೊತ್ತುಮಾಡಿತ್ತು. ಬಲಕ್ಕೆ ತಿರುಗುವವನು ಕೈಯನ್ನು ನೇರ ಹೊರಚಾಚಬೇಕು. ಎಡಕ್ಕಾದರೆ ಅದೇ ಕೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕು. ವೇಗ ತಗ್ಗಿಸಲು ಒಂದು ಸನ್ನೆ, ನಿಲ್ಲಿಸಲು ಇನ್ನೊಂದು. ಹಿಂದಿನವರಿಗೆ ದಾರಿ ಬಿಡುವಾಗ ಕೈಯನ್ನು ಹಿಂದಕ್ಕೂ ಮುಂದಕ್ಕೂ ಬೀಸಬೇಕು. ಅಂದರೆ ‘ನೀನು ಹೋಗು’ ಎನ್ನಲು ಕೈಗೆ ಬೇರೆಯೇ ಮಾತಿತ್ತು. ಇಂಡಿಕೇಟರಿಗೆ ಇರುವುದು ಎಡ, ಬಲ ಎಂಬ ಎರಡೇ ಮಾತು. ಕೈ ಒಳಗೆ ಸೇರಿತು, ಅದರ ಕೆಲಸವೂ ದೀಪದ ತಲೆಗೆ ಬಿತ್ತು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರ್ ‘ರೈಟ್’ ಎಂದರೆ ಬಲಕ್ಕೆ ತಿರುಗು ಎಂದಲ್ಲ, ಹೊರಡು ಎಂದರ್ಥ. ಆದರೆ ಆ ಮಾತು ಡ್ರೈವರಿಗೂ ಕಂಡಕ್ಟರಿಗೂ ಮೊದಲೇ ಒಪ್ಪಿತವಾದದ್ದು. ಹೆದ್ದಾರಿಯ ಅಪರಿಚಿತರ ನಡುವೆ ಅಂಥ ಒಪ್ಪಂದ ಎಲ್ಲಿಯದು?

ದೀಪದ ಕಥೆ ದೀರ್ಘವಾದದ್ದೇ. ಮೂಕಿ ಚಿತ್ರಗಳ ನಟಿ ಫ್ಲಾರೆನ್ಸ್ ಲಾರೆನ್ಸ್ 1914ರ ಸುಮಾರಿಗೆ, ಗುಂಡಿ ಒತ್ತಿದರೆ ಕಾರಿನ ಹಿಂದೆ ಏಳುವ ಸೂಚನಾಫಲಕವೊಂದನ್ನು ರೂಪಿಸಿದ್ದರು. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಮುಂದೆ ಹಳೆಯ ಮಾರಿಸ್ ಮೈನರ್‌ನಂಥ ಕಾರುಗಳಲ್ಲಿ ಬಾಗಿಲ ಪಕ್ಕದಿಂದ ಪುಟ್ಟ ಕೈಯೊಂದು ಹೊರಗೆ ಏಳುತ್ತಿತ್ತು. ಮಿನುಗುವ ದೀಪವನ್ನು ಅಮೆರಿಕದ ಬ್ಯೂಕ್ ಕಂಪನಿ 1939ರಲ್ಲಿ ತನ್ನ ಕಾರುಗಳಿಗೆ ಅಳವಡಿಸಿತು. ಇಂದು ಭಾರತದ ನಿಯಮದಂತೆ ಅದು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು.

ಅಪಾಯಕಾರಿಯಾದ ಇನ್ನೊಂದು ರೂಢಿ ಎಂದರೆ ನಾಲ್ಕು ದೀಪಗಳನ್ನೂ ಒಟ್ಟಿಗೆ ಹಾಕಿಕೊಂಡು ವೃತ್ತ ದಾಟುವುದು. ‘ನಾನು ನೇರ ಹೋಗುತ್ತೇನೆ’ ಎಂಬುದು ಚಾಲಕನ ಉದ್ದೇಶ. ಆದರೆ ಅಡ್ಡರಸ್ತೆಯಲ್ಲಿ ನಿಂತವನಿಗೆ ಕಾರಿನ ಒಂದೇ ಮಗ್ಗುಲು ಕಾಣುತ್ತದೆ. ಅಲ್ಲಿ ಮಿನುಗುವುದು ಒಂದೇ ದೀಪ. ಅವನು ಅದನ್ನು ತಿರುವಿನ ಸೂಚನೆ ಎಂದೇ ತಿಳಿದು ಮುನ್ನುಗ್ಗುತ್ತಾನೆ. ಕೆಟ್ಟು ನಿಂತ ವಾಹನ ಇತರರನ್ನು ಎಚ್ಚರಿಸಲೆಂದು ಇರುವ ಈ ದೀಪಗಳನ್ನು ಮಳೆಯಲ್ಲಿ ಚಲಿಸುತ್ತಲೇ ಉರಿಸಿದರೂ ಇದೇ ಪಾಡು. ಆಗ ನಿಜವಾಗಿ ತಿರುಗಬೇಕಾದಾಗ ಹೇಳಲು ಮಾತೇ ಉಳಿದಿರುವುದಿಲ್ಲ.

ಸೂಚನೆಯನ್ನೇ ಕೊಡದವರಿಗೂ ಕಾರಣಗಳ ಕೊರತೆಯಿಲ್ಲ. ಇಂಡಿಕೇಟರ್ ಹಾಕಿದರೆ ಹಿಂದಿನವನು ಜಾಗ ಬಿಡುವ ಬದಲು ವೇಗ ಹೆಚ್ಚಿಸಿ ಅಡ್ಡ ಬರುತ್ತಾನೆ ಎಂಬ ದೂರು ನಗರಗಳಲ್ಲಿ ಸಾಮಾನ್ಯ. ಕೆಲ ಆಟೊ ಚಾಲಕರು ಕಾಲು ಹೊರಚಾಚಿಯೇ ತಿರುವು ತಿಳಿಸುತ್ತಾರೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಟ್ರೇಲರಿನಲ್ಲಿ ದೀಪ ಇರುವುದೇ ಅನುಮಾನ. ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಕಾರಿನಲ್ಲಿ ಸ್ಟೀರಿಂಗ್ ಮರಳಿದೊಡನೆ ಇಂಡಿಕೇಟರ್ ತಾನಾಗಿ ಆರುತ್ತದೆ. ಹೆಚ್ಚಿನ ದ್ವಿಚಕ್ರ ವಾಹನಗಳಲ್ಲಿ ಸವಾರನೇ ಆರಿಸಬೇಕು. ಅವನು ಮರೆತರೆ ತಿರುವು ಮುಗಿದ ಮೇಲೂ ಮೈಲಿಗಟ್ಟಲೆ ಸುಳ್ಳು ಸೂಚನೆ.

2017ರಲ್ಲಿ ಹಳೆಯ ನಿಯಮಾವಳಿಯ ಜಾಗಕ್ಕೆ ಹೊಸದು ಬಂದಿದೆ. 2019ರ ತಿದ್ದುಪಡಿಯಂತೆ ಇಂಥ ಚಾಲನಾ ನಿಯಮ ಮೀರಿದವರಿಗೆ ಕಾಯ್ದೆಯಲ್ಲಿ 500ರಿಂದ 1,000 ರೂಪಾಯಿ ದಂಡವುಂಟು. ಆದರೆ ಹಾಕದ ದೀಪವನ್ನು ಪ್ರತಿ ತಿರುವಿನಲ್ಲೂ ನಿಂತು ಹಿಡಿಯುವುದು ಯಾವ ಪೊಲೀಸರಿಗೂ ಸಾಧ್ಯವಿಲ್ಲ.

ಲೆಕ್ಕ ಸರಳವಾದದ್ದು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಮೂರು ಸೆಕೆಂಡಿನಲ್ಲಿ 50 ಮೀಟರ್ ಸಾಗುತ್ತದೆ. ತಿರುಗುವ ಕ್ಷಣದಲ್ಲೇ ಹಾಕಿದ ಇಂಡಿಕೇಟರ್ ಹಿಂದಿನವನಿಗೆ ಈ 50 ಮೀಟರನ್ನು ಕೊಡುವುದಿಲ್ಲ. ಆಗಲೇ ಆಗುತ್ತಿರುವುದನ್ನು ಸಾರುತ್ತದೆ, ಅಷ್ಟೆ. ಮುಂದಿನ ಲಾರಿಯ ದೀಪ ‘ಹೋಗು’ ಎಂದಂತೆ ತೋರಿದರೂ ಎದುರಿನ ದಾರಿ ಕಣ್ಣಿಗೆ ಕಾಣುವ ತನಕ ತಾಳುವುದೇ ಕ್ಷೇಮ. ಆ ದೀಪ ಹಾಕಿದವನು ಬಲಕ್ಕೇ ತಿರುಗಲಿದ್ದರೆ ತಪ್ಪು ಅವನದಲ್ಲ. ಅವನು ಹೇಳಿದ್ದು ಕಾನೂನಿನ ಮಾತನ್ನೇ.