ಕೆ. ಚೆಂಗಲರಾಯ ರೆಡ್ಡಿ

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ (4 ಮೇ 1902 – 27 ಫೆಬ್ರವರಿ 1976) ಸ್ವಾತಂತ್ರ್ಯ ಹೋರಾಟಗಾರರು ಹಾಗೂ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಗಳು. ಕೆ.ಸಿ. ರೆಡ್ಡಿ ಎಂದೇ ಪ್ರಸಿದ್ಧರು. ಮೈಸೂರು ಸಂಸ್ಥಾನದ ಆಡಳಿತವು ಅರಸೊತ್ತಿಗೆಯಿಂದ ಜನಪ್ರತಿನಿಧಿಗಳ ಕೈಗೆ ಬಂದ ಸಂಧಿಕಾಲದಲ್ಲಿ ಅವರು ಸರ್ಕಾರದ ನೇತೃತ್ವ ವಹಿಸಿದ್ದರು.

ಆರಂಭಿಕ ಜೀವನ

ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ ಜನಿಸಿದರು. ಕಾನೂನು ಪದವಿ ಪಡೆದ ಬಳಿಕ ರಾಜಕೀಯಕ್ಕೆ ಬಂದು, 1930ರಲ್ಲಿ ಸಮಾನಮನಸ್ಕರೊಡನೆ ಪ್ರಜಾಪಕ್ಷವನ್ನು ಕಟ್ಟಿದರು. ಇದು ಮುಂದೆ ಪ್ರಜಾಮಿತ್ರ ಮಂಡಳಿಯೊಂದಿಗೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡಿತು. ರೆಡ್ಡಿಯವರು ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಎರಡು ಬಾರಿ ಸೇವೆ ಸಲ್ಲಿಸಿದರು.

ಜವಾಬ್ದಾರಿ ಸರ್ಕಾರದ ಬೇಡಿಕೆ

ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯವಿಧಾಯಕ ಸಭೆಯೂ ಇದ್ದವು. ಆದರೆ ದಿವಾನರು ಉತ್ತರ ಹೇಳಬೇಕಾಗಿದ್ದುದು ಮಹಾರಾಜರಿಗೆ ಮಾತ್ರ. ಸಭೆಗಳು ಚರ್ಚಿಸಬಹುದಿತ್ತು, ಸಲಹೆ ನೀಡಬಹುದಿತ್ತು; ಆಡಳಿತಗಾರರನ್ನು ಅಧಿಕಾರದಿಂದ ಇಳಿಸುವಂತಿರಲಿಲ್ಲ. ಸರ್ಕಾರವು ಜನಪ್ರತಿನಿಧಿಗಳಿಗೆ ಹೊಣೆಯಾಗಿರಬೇಕೆಂಬುದೇ ಜವಾಬ್ದಾರಿ ಸರ್ಕಾರದ ಬೇಡಿಕೆಯ ತಿರುಳು. 1938ರ ಶಿವಪುರ ಧ್ವಜ ಸತ್ಯಾಗ್ರಹ ಮತ್ತು ಅದೇ ವರ್ಷ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರ್ ಈ ಬೇಡಿಕೆಗೆ ಬಲ ತುಂಬಿದವು.

ಮೈಸೂರು ಚಲೋ

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು. ಮೈಸೂರು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಿದ್ದರೂ ಸಂಸ್ಥಾನದೊಳಗೆ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಆಡಳಿತವೇ ಮುಂದುವರಿಯಿತು. ಸೆಪ್ಟೆಂಬರಿನಲ್ಲಿ ರೆಡ್ಡಿಯವರ ನಾಯಕತ್ವದಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ‘ಆರ್ಕಾಟ್ ಬಾಯ್ಕಾಟ್’ ಎಂಬ ಘೋಷಣೆ ಬೀದಿಬೀದಿಗಳಲ್ಲಿ ಮೊಳಗಿತು. ನಾಯಕರ ಬಂಧನವಾದರೂ ವಿದ್ಯಾರ್ಥಿಗಳು ಮತ್ತು ಕಾರ್ಮಿಕರು ಹೋರಾಟವನ್ನು ಮುಂದುವರಿಸಿದರು. ಮೈಸೂರಿನಲ್ಲಿ ಗುಂಡೇಟಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಅಲ್ಲಿನ ರಾಮಸ್ವಾಮಿ ವೃತ್ತ ಇಂದಿಗೂ ಉಳಿಸಿಕೊಂಡಿದೆ. ಕೊನೆಗೆ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಜವಾಬ್ದಾರಿ ಸರ್ಕಾರಕ್ಕೆ ಸಮ್ಮತಿಸಿದರು.

ಮುಖ್ಯಮಂತ್ರಿಯಾಗಿ

ರೆಡ್ಡಿಯವರು 1947ರ ಅಕ್ಟೋಬರ್ 25ರಿಂದ 1952ರ ಮಾರ್ಚ್ 30ರವರೆಗೆ ಅಧಿಕಾರದಲ್ಲಿದ್ದರು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಮೊದಲಾದವರು ಅವರ ಸಂಪುಟದಲ್ಲಿದ್ದರು. ಹಿಂದಿನ ದಿನದವರೆಗೆ ಚಳವಳಿಗಾರರಾಗಿದ್ದವರು ಅದೇ ಮಹಾರಾಜರ ಹೆಸರಿನಲ್ಲಿ, ಅದೇ ಅಧಿಕಾರಿ ವರ್ಗದ ನೆರವಿನಿಂದ ಆಡಳಿತ ನಡೆಸಬೇಕಾದುದು ಈ ಸರ್ಕಾರದ ವಿಶೇಷ ಸವಾಲಾಗಿತ್ತು. ರೆಡ್ಡಿಯವರು ಭಾರತದ ಸಂವಿಧಾನ ರಚನಾ ಸಭೆಯಲ್ಲಿಯೂ ಮೈಸೂರಿನ ಪ್ರತಿನಿಧಿಯಾಗಿದ್ದರು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಮೈಸೂರು ‘ಬಿ’ ವರ್ಗದ ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು.

ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಉಪನಗರಕ್ಕೆ 1949ರಲ್ಲಿ, ವಿಧಾನಸೌಧಕ್ಕೆ 1951ರ ಜುಲೈ 13ರಂದು ಶಂಕುಸ್ಥಾಪನೆಯಾದುದು ಇವರ ಅವಧಿಯಲ್ಲಿಯೇ. ವಿಧಾನಸೌಧದ ಅಡಿಗಲ್ಲನ್ನು ಪ್ರಧಾನಿ ಜವಾಹರಲಾಲ್ ನೆಹರೂ ಇರಿಸಿದರು. ವಿನ್ಯಾಸವನ್ನು ಬದಲಿಸಿ ಇಂದಿನ ಭವ್ಯರೂಪ ನೀಡಿದವರು ಉತ್ತರಾಧಿಕಾರಿ ಕೆಂಗಲ್ ಹನುಮಂತಯ್ಯನವರು. ಆದುದರಿಂದ ಕಟ್ಟಡದೊಂದಿಗೆ ಅವರ ಹೆಸರೇ ಹೆಚ್ಚಾಗಿ ಬೆಸೆದುಕೊಂಡಿದೆ.

ನಂತರದ ಜೀವನ

1952ರ ಪ್ರಥಮ ಸಾರ್ವತ್ರಿಕ ಚುನಾವಣೆಯ ನಂತರ ರಾಜ್ಯದ ಅಧಿಕಾರವು ಹನುಮಂತಯ್ಯನವರಿಗೆ ಹಸ್ತಾಂತರವಾಯಿತು. ರೆಡ್ಡಿಯವರು ಕೇಂದ್ರ ಸಚಿವರಾಗಿ, 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು.

ಐತಿಹಾಸಿಕ ಸ್ಥಾನ

‘ಮೊದಲ ಮುಖ್ಯಮಂತ್ರಿ’ ಎಂಬ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಗೊಂದಲ ಉಂಟಾಗುವುದುಂಟು. ರೆಡ್ಡಿಯವರು ಆಳಿದ್ದು ಒಂಬತ್ತು ಜಿಲ್ಲೆಗಳ ಹಳೆಯ ಮೈಸೂರನ್ನು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯವಾದಾಗ ಅದರ ಪ್ರಥಮ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಆಳುವವರು ಜನಪ್ರತಿನಿಧಿಗಳಿಗೆ ಹೊಣೆಯಾಗಿರುವ ಸರ್ಕಾರವನ್ನು ಮೈಸೂರಿನಲ್ಲಿ ಮೊದಲು ಮುನ್ನಡೆಸಿದ ಕೀರ್ತಿ ರೆಡ್ಡಿಯವರಿಗೆ ಸಲ್ಲುತ್ತದೆ.