ಮನೆಯ ಮುಂದೆ ಹಂದರ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ಹಿರಿಯರು ಎರಡು ಕಷ್ಟಗಳನ್ನು ಒಂದೇ ಉಸಿರಿನಲ್ಲಿ ಹೇಳಿಟ್ಟರು. ಅಂಬಿಕಾನಗರದಂಥ ಊರಿನವರಿಗೆ ಇವುಗಳಲ್ಲಿ ಅರ್ಧ ಕಷ್ಟ ತಪ್ಪಿತ್ತು. ಕಾಳಿ ನದಿಯ ಜಲವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಎದ್ದ ಊರು ಅದು. ನೌಕರರ ಮನೆಗಳನ್ನು ವಿದ್ಯುತ್ ನಿಗಮವೇ ಸಾಲುಸಾಲಾಗಿ ಕಟ್ಟಿಸಿತು. ಇನ್ನು ಉಳಿದದ್ದು ಮದುವೆಯ ಕಷ್ಟ. ನಮ್ಮದಲ್ಲದ ಮನೆಯಲ್ಲಿ, ನಮ್ಮದಲ್ಲದ ಅಂಗಳದಲ್ಲಿ, ನೂರಾರು ಮೈಲು ದೂರದಲ್ಲಿ ಬಂಧುಬಳಗವನ್ನಿಟ್ಟುಕೊಂಡು ಮಗಳ ಮದುವೆಯನ್ನು ಮನೆಯಲ್ಲಿಯೇ ಮಾಡಬಹುದೆ? ಮಾಡಬಹುದು. ಹೇಗೆಂಬುದನ್ನು ನೋಡೋಣ.

ಮೊದಲು, ಏಕೆ ಮಾಡಬೇಕೆಂಬ ಪ್ರಶ್ನೆ. ಕಲ್ಯಾಣಮಂಟಪದಲ್ಲಿ ಬಾಡಿಗೆ ಕೊಟ್ಟರೆ ಎಲ್ಲ ಸಿದ್ಧವಿರುತ್ತದೆ, ತಲೆನೋವಿಲ್ಲ ಎನ್ನುವವರುಂಟು. ನಿಜವೇ. ಆದರೆ ಮಂಟಪದ ಅಗಲ ನೋಡಿ ಅತಿಥಿಗಳ ಸಂಖ್ಯೆ ಏರುತ್ತದೆ; ಸಂಖ್ಯೆ ನೋಡಿ ಸಾಲ ಏರುತ್ತದೆ. ಒಂದು ದಿನದ ವೈಭವಕ್ಕೆ ಹತ್ತು ವರ್ಷ ಕಂತು ಕಟ್ಟಿದ ತಂದೆಯರನ್ನು ನೀವೂ ಬಲ್ಲಿರಿ. ೨೦೨೦ರ ಮೇ ತಿಂಗಳಲ್ಲಿ, ಕೊರೋನಾ ಸೋಂಕಿನ ಕಾರಣ ಮದುವೆಗೆ ೫೦ಕ್ಕಿಂತ ಹೆಚ್ಚು ಜನ ಸೇರಕೂಡದೆಂದು ಸರಕಾರ ಕಟ್ಟು ಮಾಡಿತು. ಆಗ ಎಷ್ಟೋ ಮನೆಗಳ ಅಂಗಳದಲ್ಲಿ, ಪಡಸಾಲೆಯಲ್ಲಿ ಅಕ್ಷತೆ ಬಿತ್ತು. ಹಾಗೆ ಆದ ಮದುವೆಗಳೇನೂ ಸಡಿಲವಾಗಲಿಲ್ಲ. ಇದಕ್ಕೂ ಬಹಳ ಮೊದಲೇ, ೧೯೬೬ರಲ್ಲಿ, ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರ ವಿವಾಹವನ್ನು ಮಂತ್ರಮಾಂಗಲ್ಯದ ಸರಳ ರೀತಿಯಲ್ಲಿ ನಡೆಸಿ ದಾರಿ ತೋರಿಸಿದ್ದರು. ನೀವು ಶಾಸ್ತ್ರೋಕ್ತವಾಗಿ ಮಾಡಿರಿ, ಸರಳವಾಗಿ ಮಾಡಿರಿ, ಅದು ನಿಮ್ಮ ಮನಸ್ಸು. ಮನೆ ಎರಡಕ್ಕೂ ಸಾಕಾಗುತ್ತದೆ.

ಈ ಸೀಮೆಯಲ್ಲಿ ಇನ್ನೊಂದು ಮಾತೂ ಇದೆ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಅಲ್ಲಿ ಅಜ್ಜನ ಕಾಲದ ಜಗಲಿ, ತುಳಸಿಕಟ್ಟೆ, ಅಂಗಳ ಕಳೆದುಕೊಂಡ ಮನೆತನಗಳಿಗೆ ಮನೆಯ ಮುಂದೆ ಹಂದರ ಹಾಕುವುದೆಂದರೆ ಬರಿಯ ಮಿತವ್ಯಯದ ಲೆಕ್ಕವಲ್ಲ.

ಇನ್ನು ದಿನ ಗೊತ್ತು ಮಾಡುವುದು. ತುಳಸಿಯ ಲಗ್ನವಾದ ಮೇಲೆ ನಮ್ಮಲ್ಲಿ ಮನುಷ್ಯರ ಲಗ್ನಗಳು ಮೊದಲಾಗುತ್ತವೆ. ಧನುರ್ಮಾಸ ಬಿಟ್ಟು, ಆಷಾಢ ಬಿಟ್ಟು, ಗುರು ಶುಕ್ರರ ಅಸ್ತ ಬಿಟ್ಟು, ಅಧಿಕಮಾಸ ಬಂದರೆ ಅದನ್ನೂ ಬಿಟ್ಟು ಪುರೋಹಿತರು ನಾಲ್ಕಾರು ಮುಹೂರ್ತ ಬರೆದುಕೊಡುತ್ತಾರೆ. ಅವುಗಳಲ್ಲಿ ಆರಿಸುವಾಗ ಪಂಚಾಂಗದೊಡನೆ ಮುಗಿಲನ್ನೂ ನೋಡಿರಿ. ಮಕ್ಕಳಿಗೆ ಸೂಟಿ ಎಂದು ಎಲ್ಲರೂ ವೈಶಾಖಕ್ಕೆ ಜೋತುಬೀಳುತ್ತಾರೆ. ಆದರೆ ಘಟ್ಟದ ಮೇಲಿನ ಈ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲು ಸಂಜೆಗೆ ಗುಡುಗಾಗುವುದುಂಟು. ಜೂನ್ ಹಿಡಿದರೆ ಮಳೆಗಾಲವೇ ಬಂತು. ಗಾಳಿಗೆ ಹಾರುವ ಹಂದರದ ಕೆಳಗೆ ಮಂಗಲಾಷ್ಟಕ ಹೇಳುವವರ ಪಾಡು ನೋಡಲಾಗದು. ನನ್ನ ಮತದಲ್ಲಿ ಮಾಘ, ಫಾಲ್ಗುಣಗಳೇ ಒಳ್ಳೆಯವು. ಬೆಳಗಿನ ಜಾವ ಮಂಜು, ಚಳಿ ಇರುತ್ತವೆ. ಮುದುಕರಿಗೆ ಎರಡು ಕಂಬಳಿ ಹೆಚ್ಚು ಇಟ್ಟರಾಯಿತು. ಮೋಡದ ಭಯವಿಲ್ಲ, ಬಾವಿ ಬತ್ತಿಲ್ಲ, ಪಲ್ಯಕ್ಕೆ ತರಕಾರಿ ಅಗ್ಗ.

ದಿನ ಗೊತ್ತಾದೊಡನೆ ಒಂದು ಕಾಗದ ತೆಗೆದುಕೊಳ್ಳಿರಿ. ಅದರ ಮೇಲೆ ಜನರನ್ನು ಬರೆಯಬೇಡಿರಿ, ಎಲೆಗಳನ್ನು ಬರೆಯಿರಿ. ಅಡಿಗೆಯವರು ಬಂದಾಗ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಎಲೆ?’ ಎಂದೇ. ಅದರಲ್ಲಿ ಅನುಭವವಿದೆ. ಅತಿಥಿ ಒಂದು ಹೊತ್ತು ಉಂಡು ಹೋಗುತ್ತಾನೆ. ಮನೆಯಲ್ಲಿ ಬೀಡುಬಿಟ್ಟ ನಂಟರು ದಿನಕ್ಕೆ ಎರಡು ಹೊತ್ತು ಉಣ್ಣುತ್ತಾರೆ. ಅರಿಸಿನದ ದಿನ, ದೇವಕಾರ್ಯದ ದಿನ, ಲಗ್ನದ ದಿನ, ಮಾರನೆಯ ದಿನ, ಹೀಗೆ ೪ ದಿನಗಳಿಗೆ ಮನೆಮಂದಿ ೪೦ ಜನರೆಂದರೆ ೩೨೦ ಎಲೆಗಳಾದವು, ಉಪಾಹಾರ ಬೇರೆ. ಲಗ್ನದ ಊಟಕ್ಕೆ ಕರೆದ ಅತಿಥಿಗಳು ೩೦೦ ಜನ. ನೋಡಿದಿರಾ, ಊರೆಲ್ಲ ಕರೆದ ಊಟಕ್ಕಿಂತ ಮನೆಯ ಊಟವೇ ಹೆಚ್ಚಾಯಿತು! ಖರ್ಚು ತಪ್ಪುವುದು ಇಲ್ಲಿಯೇ. ಲಗ್ನದ ದಿನದ ಹೋಳಿಗೆಗೆ ಲೆಕ್ಕ ಹಾಕುತ್ತೇವೆ. ಹಿಂದು ಮುಂದಿನ ದಿನಗಳ ಅವಲಕ್ಕಿ, ಹಾಲು, ಸಕ್ಕರೆ, ಚಹದ ಪುಡಿಗೆ ಹಾಕುವುದಿಲ್ಲ.

ಸಿಹಿ, ಪಲ್ಯ, ಕೋಸಂಬರಿಗಳಿರುವ ಊಟಕ್ಕೆ ಎಲೆಯೊಂದಕ್ಕೆ ೧೦೦ರಿಂದ ೧೨೫ ಗ್ರಾಮು ಅಕ್ಕಿ ಹಿಡಿಯುವುದು ವಾಡಿಕೆ. ೩೦೦ ಎಲೆಗೆ ೩೦ರಿಂದ ೩೮ ಕಿಲೋ. ಬಾಳೆಯ ಎಲೆ ಸಿಕ್ಕದಿದ್ದರೆ ಮುತ್ತಗದ ಪತ್ರಾವಳಿ ತರಿಸಿರಿ. ಥರ್ಮೋಕೋಲಿನ ತಟ್ಟೆ, ಪ್ಲಾಸ್ಟಿಕ್ಕಿನ ಲೋಟಗಳನ್ನು ನಮ್ಮ ರಾಜ್ಯ ೨೦೧೬ರಲ್ಲಿಯೇ ನಿಷೇಧಿಸಿದೆ. ನಿಷೇಧವಿಲ್ಲದಿದ್ದರೂ, ಗಾಳಿಗೆ ಹಾರಿ ಕಾಡು ಸೇರುವ ತಟ್ಟೆಯನ್ನು ಕಾಡಿನ ನಡುವಿನ ಊರಿನವರು ಮುಟ್ಟಬಾರದು.

ಅಕ್ಕಿಗಿಂತ ಕಠಿಣವಾದದ್ದು ಜಾಗದ ಲೆಕ್ಕ. ನೆಲದ ಮೇಲೆ ಕುಳಿತು ಉಣ್ಣುವವನಿಗೆ ಪಂಕ್ತಿಯಲ್ಲಿ ಎರಡು ಅಡಿ ಬೇಕು. ಒಂದು ಸಲಕ್ಕೆ ೬೦ ಎಲೆ ಹಾಕಬೇಕಾದರೆ ೩೦ ಅಡಿ ಉದ್ದದ ನಾಲ್ಕು ಸಾಲುಗಳು, ನಡುವೆ ಬಡಿಸುವವರು ನಡೆದಾಡಲು ದಾರಿ. ಹೀಗೆ ೩೦೦ ಜನ ಉಣ್ಣಲು ಐದು ಪಂಕ್ತಿ. ಬಡಿಸಿ, ಉಂಡು, ಎಲೆ ತೆಗೆದು, ನೆಲ ಒರೆಸಲು ಪಂಕ್ತಿಗೆ ೪೦ ನಿಮಿಷ ಹಿಡಿದರೆ ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ. ಹನ್ನೆರಡೂವರೆಗೆ ಅಕ್ಕಿಕಾಳು ಬಿದ್ದರೆ ಕೊನೆಯ ಪಂಕ್ತಿಯವರು ಕೈ ತೊಳೆಯುವಾಗ ನಾಲ್ಕಕ್ಕೆ ಹತ್ತೇ ನಿಮಿಷ. ಆ ಕೊನೆಯ ಪಂಕ್ತಿಯಲ್ಲಿ ಯಾರಿರುತ್ತಾರೆ? ಬಡಿಸಿದ ನೆರೆಮನೆಯ ಹುಡುಗರು, ಪಾತ್ರೆ ಬೆಳಗುವ ಹೆಂಗಸರು, ಮದುಮಗಳ ತಂದೆತಾಯಿ. ಆದುದರಿಂದ ಹಂದರವನ್ನು ೧೦೦ ಎಲೆ ಹಿಡಿಯುವಷ್ಟು ಹಿಗ್ಗಿಸಲು ಸಾಧ್ಯವಾದರೆ ಹಿಗ್ಗಿಸಿರಿ. ಮೂರು ಪಂಕ್ತಿಯಲ್ಲಿ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆಗದಿದ್ದರೆ ಅತಿಥಿಗಳನ್ನು ಕಡಿಮೆ ಮಾಡಿರಿ. ಕರೆಯೋಲೆ ಅಚ್ಚು ಹಾಕಿಸುವ ಮೊದಲೇ ಟೇಪು ಹಿಡಿದು ಅಂಗಳ ಅಳೆಯಿರೆಂದು ನಾನು ಹೇಳುವುದು ಇದಕ್ಕೇ. ಕಾಲನಿಯ ಬಯಲು ನಿಮ್ಮದಲ್ಲ. ಹಂದರದ ಗೂಟ ಹೊಡೆಯುವ ಮೊದಲು ಸಂಬಂಧಪಟ್ಟ ಕಚೇರಿಯಿಂದ ಬರಹದಲ್ಲಿ ಅನುಮತಿ ಪಡೆಯಿರಿ.

ನೀರಿನ ವಿಷಯ. ಅಡಿಗೆ, ಕುಡಿಯುವುದು, ಕೈ ತೊಳೆಯುವುದು, ಪಾತ್ರೆ ಎಲ್ಲ ಸೇರಿ ಎಲೆಗೆ ೧೦ ಲೀಟರು ಎಂದು ಹಿಡಿದರೂ ೩,೦೦೦ ಲೀಟರು ಆಯಿತು. ೪೦ ಜನರ ಸ್ನಾನ, ಶೌಚಕ್ಕೆ ಇನ್ನೊಂದು ೨,೦೦೦. ನಿಮ್ಮ ಮನೆಯ ಮೇಲಿನ ತೊಟ್ಟಿ ೧,೦೦೦ ಲೀಟರಿನದಾದರೆ ಉಳಿದದ್ದನ್ನು ಡ್ರಮ್ಮುಗಳಲ್ಲಿ ಹಿಂದಿನ ದಿನವೇ ತುಂಬಿಡಬೇಕು. ಬೊಮ್ಮನಹಳ್ಳಿಯ ಜಲಾಶಯ ಪಕ್ಕದಲ್ಲಿಯೇ ತುಂಬಿ ನಿಂತಿದೆಯಲ್ಲ ಎನ್ನಬೇಡಿರಿ. ಆ ನೀರು ಸುರಂಗ ಹೊಕ್ಕು ನಾಗಝರಿಯಲ್ಲಿ ವಿದ್ಯುತ್ತಾಗುತ್ತದೆಯೇ ಹೊರತು ನಿಮ್ಮ ಕೊಪ್ಪರಿಗೆಗೆ ತಾನಾಗಿ ಬರುವುದಿಲ್ಲ. ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು ಶೌಚಗೃಹದ್ದು. ಒಂದೇ ಶೌಚಗೃಹವಿರುವ ಮನೆಯಲ್ಲಿ ೪೦ ಜನ ಬೆಳಗಾಗುವುದನ್ನು ಕಾಯಬೇಕೆ? ಎಡಬಲದ ನಾಲ್ಕು ಮನೆಯವರನ್ನು ಮೊದಲೇ ಕೇಳಿಕೊಳ್ಳಿರಿ. ಒಂದು ಮನೆ ಬೀಗರಿಗೆ, ಒಂದು ಮನೆ ಮುದುಕರಿಗೆ, ಒಂದು ಹಸುಗೂಸಿನ ತಾಯಂದಿರಿಗೆ. ಕಾಲನಿಯ ಬದುಕಿನಲ್ಲಿ ನಂಟರಿಗಿಂತ ನೆರೆಯವರೇ ಹತ್ತಿರ.

ಅಡಿಗೆಯ ಒಲೆಯನ್ನು ಹಂದರದ ಬಟ್ಟೆಯಿಂದ ದೂರ, ಗಾಳಿಯ ಕೆಳಬದಿಗೆ ಹೂಡಿರಿ. ಸೌದೆಗಾಗಿ ಕಾಡಿಗೆ ಕೊಡಲಿ ಒಯ್ಯುವ ಕಾಲ ಹೋಯಿತು. ಅನಿಲದ ಒಲೆಯಾದರೆ ೧೯ ಕಿಲೋದ ವಾಣಿಜ್ಯ ಸಿಲಿಂಡರನ್ನೇ ತರಿಸಿರಿ, ಸಿಲಿಂಡರು ನೆಟ್ಟಗೆ ನಿಂತಿರಲಿ, ಹತ್ತಿರ ಎರಡು ಬಕೆಟ್ಟು ಮರಳು ಇರಲಿ. ದೀಪಗಳಿಗೆ ತಾತ್ಕಾಲಿಕ ಸಂಪರ್ಕಕ್ಕಾಗಿ ಮೊದಲೇ ಅರ್ಜಿ ಕೊಡಿರಿ; ಮನೆಯ ಮೀಟರಿನಿಂದ ತಂತಿ ಎಳೆದು ನೂರು ದೀಪ ಹಚ್ಚುವ ಸಾಹಸ ಬೇಡ. ನಾಡಿಗೆಲ್ಲ ಬೆಳಕು ಕಳಿಸುವ ಊರಿನಲ್ಲಿ ಮದುವೆಯ ಹಂದರ ಕತ್ತಲಾದರೆ ಬೀಗರು ತಲೆಮಾರುಗಟ್ಟಲೆ ಆಡಿಕೊಂಡಾರು! ಧ್ವನಿವರ್ಧಕ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕೂಡದೆಂದು ೨೦೦೦ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಹಂದರದ ಕಂಬಕ್ಕೆ ಕಟ್ಟಿದ ಬಾಳೆಗೊನೆಗೆ ಒಬ್ಬ ಕಾವಲುಗಾರನನ್ನು ನೇಮಿಸಿರಿ. ಇಲ್ಲವಾದರೆ ಕಾಡಿನ ಮಂಗಗಳು ಕರೆಯೋಲೆಯಿಲ್ಲದೆಯೇ ಮೊದಲ ಪಂಕ್ತಿಗೆ ಕುಳಿತುಬಿಡುತ್ತವೆ.

ಕಾಲನಿಯ ಮದುವೆಗಳಲ್ಲಿ ಬೇರೆ ಬೇರೆ ಸೀಮೆಯವರು ಬೀಗರಾಗುವುದು ಸಹಜ. ಹಳೆಯ ಮೈಸೂರಿನವರಿಗೆ ಚಪ್ಪರವಾದದ್ದು ಧಾರವಾಡದವರಿಗೆ ಹಂದರ; ಅದರಿಂದ ಜಗಳವಿಲ್ಲ. ಆದರೆ ಆ ಕಡೆಯವರು ಲಗ್ನದ ಹಿಂದಿನ ಸಂಜೆ ಆರತಕ್ಷತೆ ಇಟ್ಟುಕೊಳ್ಳುತ್ತಾರೆ. ಈ ಕಡೆಯವರು ನಡುಹಗಲಿಗೆ ಅಕ್ಕಿಕಾಳು ಹಾಕಿ, ಉಂಡು, ಊರ ಬಸ್ಸು ಹಿಡಿಯುತ್ತಾರೆ. ಎರಡನ್ನೂ ಒಪ್ಪಿಕೊಂಡಿರೋ, ಎಲೆಗಳ ಲೆಕ್ಕ ಇಮ್ಮಡಿಯಾಯಿತು. ನಿಶ್ಚಯದ ದಿನವೇ ಕುಳಿತು, ಯಾವುದಿರಲಿ ಯಾವುದು ಬೇಡ ಎಂದು ಬಾಯಿಬಿಟ್ಟು ಮಾತಾಡಿರಿ. ಸಂಕೋಚದ ಮೌನಕ್ಕೆ ಕೊನೆಯಲ್ಲಿ ಬೆಲೆ ಕೊಡುವವರು ಹೆಣ್ಣಿನ ಕಡೆಯವರೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆಯ ಮದುವೆಯಲ್ಲಿ ಮದುಮಗಳ ತಾಯಿ ಎಲ್ಲಿರುತ್ತಾಳೆ? ಉಗ್ರಾಣದಲ್ಲಿ. ಬೀಗದ ಕೈಗೊಂಚಲು ಅವಳ ಸೊಂಟದಲ್ಲಿ. ಬೆಲ್ಲ ಬೇಕು, ತುಪ್ಪ ಬೇಕು, ಹೊಸ ಪಂಚೆ ಎಲ್ಲಿ, ಕಲಶದ ತಂಬಿಗೆ ಎಲ್ಲಿ? ಎಲ್ಲಕ್ಕೂ ‘ಅಕ್ಕಾ’, ‘ಅಕ್ಕಾ’ ಎಂದು ಕೂಗು. ಕೊನೆಗೆ ಹೊರಗೆ ವಾದ್ಯ ಮೊಳಗಿ ಅಕ್ಷತೆ ಬೀಳುವಾಗ ಇವಳು ಒಳಗೆ ಡಬ್ಬಿಯ ಮುಚ್ಚಳ ತೆಗೆಯುತ್ತಿರುತ್ತಾಳೆ. ಇಪ್ಪತ್ತು ಇಪ್ಪತ್ತೈದು ವರ್ಷ ಸಾಕಿದ ಮಗಳ ಕೊರಳಿಗೆ ತಾಳಿ ಬಿದ್ದುದನ್ನು ಆಮೇಲೆ ಫೋಟೋದಲ್ಲಿ ನೋಡುವ ತಾಯಂದಿರು ಒಬ್ಬಿಬ್ಬರಲ್ಲ. ಈ ಅನ್ಯಾಯವನ್ನು ತಪ್ಪಿಸುವುದು ಸುಲಭ. ಉಗ್ರಾಣಕ್ಕೆ ಬೇರೊಬ್ಬರನ್ನು ನೇಮಿಸಿರಿ: ನೆರೆಮನೆಯ ಒಬ್ಬ ಗಟ್ಟಿ ಹೆಂಗಸಾಗಲಿ, ನಿವೃತ್ತರಾದ ಗಂಡಸಾಗಲಿ. ಯಾವ ಡಬ್ಬಿಯಲ್ಲಿ ಏನಿದೆಯೆಂದು ಚೀಟಿ ಅಂಟಿಸಿರಿ. ದೇವಕಾರ್ಯದ ದಿನವೇ ಕೈಗೊಂಚಲು ಅವರ ಕೈ ಸೇರಲಿ. ಲಗ್ನದ ದಿನ ತಾಯಿ ಉಗ್ರಾಣದ ಹೊಸ್ತಿಲು ದಾಟಕೂಡದು.

ಮನೆಯ ಒಳಕೋಣೆಯಲ್ಲಿ ಇನ್ನೊಬ್ಬರಿರುತ್ತಾರೆ. ಮೊಣಕಾಲು ನೋವಿನ ಅಜ್ಜಿ. ಮದುವೆ ದೂರದ ಮಂಟಪದಲ್ಲಾಗಿದ್ದರೆ ಅವರು ಮನೆಯಲ್ಲಿಯೇ ಉಳಿಯುತ್ತಿದ್ದರು. ಮನೆಯಲ್ಲಿಯೇ ಆದಾಗಲೂ, ಗಂಡನಿಲ್ಲದವರೆಂಬ ಕಾರಣಕ್ಕೆ ಅವರನ್ನು ಕದದ ಹಿಂದೆ ಕೂಡಿಸಿದರೆ ಹಂದರ ಹಾಕಿ ಏನು ಬಂತು? ಮೊದಲ ಸಾಲಿನಲ್ಲಿ ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ ಹಾಕಿ, ಅವರ ಕೈಗೂ ಅಕ್ಕಿಕಾಳು ಕೊಡಿರಿ. ಕುರ್ಚಿಗಳನ್ನು ಎಣಿಸುವಾಗಲೇ ಅದನ್ನು ಎಣಿಸಿಡಿರಿ. ಆ ಗಳಿಗೆಯ ಗದ್ದಲದಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಕಾಯಿದೆಯ ಮಾತು ನಾಲ್ಕು. ಹುಡುಗಿಗೆ ೧೮, ಹುಡುಗನಿಗೆ ೨೧ ತುಂಬಿರಲೇಬೇಕು. ವರದಕ್ಷಿಣೆ ಕೊಡುವುದೂ ಕೊಳ್ಳುವುದೂ ೧೯೬೧ರ ಕಾಯಿದೆಯಂತೆ ಅಪರಾಧ. ಮದುವೆಯಲ್ಲಿ ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಿಡಬೇಕೆಂದು ೧೯೮೫ರ ನಿಯಮಗಳು ಹೇಳುತ್ತವೆ. ಆಹೇರಿ ಬರೆದುಕೊಳ್ಳುವ ನಮ್ಮ ಹಳೆಯ ಪದ್ಧತಿಯೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲನಿಯಲ್ಲಿ ಜೊತೆಗೆ ಬೆಳೆದ ಮಕ್ಕಳು ಬೇರೆ ಬೇರೆ ಧರ್ಮದವರಾಗಿ, ೧೯೫೪ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮದುವೆಯಾಗುವುದಾದರೆ ೩೦ ದಿನ ಮೊದಲು ನೋಟೀಸು ಕೊಡಬೇಕು. ನೋಟೀಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿಗಳು ಬೇಕು. ಇಂಥ ಮದುವೆ ಕಚೇರಿಯಲ್ಲಿಯೇ ಆಗಬೇಕೆಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೆಚ್ಚಿನ ಶುಲ್ಕ ಕಟ್ಟಿದರೆ, ಕಚೇರಿಯಿಂದ ತೀರ ದೂರವಲ್ಲದ ಬೇರೆ ಜಾಗದಲ್ಲಿಯೂ ನಡೆಸಲು ಕಾಯಿದೆಯಲ್ಲಿ ಆಸ್ಪದವಿದೆ. ಆ ಜಾಗ ನಿಮ್ಮ ಹಂದರವೇ ಆಗಬಹುದು. ಬೇರೆ ಮದುವೆಗಳನ್ನೂ ನೋಂದಣಿ ಮಾಡಿಸಲು ಮರೆಯಬೇಡಿರಿ. ಕರೆಯೋಲೆಯ ಎರಡು ಪ್ರತಿ, ಅಕ್ಷತೆಯ ಒಂದು ಫೋಟೋ, ವಯಸ್ಸಿನ ದಾಖಲೆಗಳನ್ನು ಒಂದೇ ಲಕೋಟೆಯಲ್ಲಿ ಎತ್ತಿಡಿರಿ.

ಮಗಳನ್ನು ಕಳಿಸಿಕೊಟ್ಟ ಮಾರನೆಯ ದಿನ ಮನೆಗೆ ಏನೋ ಬರಿದು ಬರಿದು ಕಳೆ. ಆಗ ಕೈಗೆ ಕೆಲಸವಿರುವುದು ಒಳ್ಳೆಯದು. ಹಂದರದ ಗಳುಗಳನ್ನು ಎಣಿಸಿ ಕೊಡುವುದು, ಗೂಟದ ಕುಳಿ ಮುಚ್ಚುವುದು, ಎಲೆಯ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು. ನೆರೆಮನೆಗಳಿಂದ ತಂದ ಪರಾತ, ಬೋಗುಣಿ, ಸೌಟುಗಳ ಅಡಿಯಲ್ಲಿ ಹೆಸರು ಬರೆದಿದ್ದರೆ ಹಂಚುವುದು ಸುಲಭ. ಬರೆದಿಲ್ಲದಿದ್ದರೆ ತರುವಾಗಲೇ ಬಣ್ಣದ ದಾರ ಕಟ್ಟಿಡಿರಿ. ಬರಿಯ ಪಾತ್ರೆಯನ್ನು ತಿರುಗಿ ಕೊಡುವ ರೂಢಿ ನಮ್ಮಲ್ಲಿಲ್ಲ. ಅದಕ್ಕಾಗಿ ಅಡಿಗೆಯವರಿಗೆ ಮೊದಲೇ ಹೇಳಿ, ಐವತ್ತು ಬುಂದಿ ಉಂಡೆ ಹೆಚ್ಚಿಗೆ ಕಟ್ಟಿಸಿಡಿರಿ.