ಲಂಡನ್ನಿನಲ್ಲಿ ಕೂಡಿದ ಗ್ರೀಸ್

ಅಥೆನ್ಸ್ ನಗರದ ಲಿಕಬೆಟಸ್ ಗುಡ್ಡದ ಇಳಿಜಾರಿನಲ್ಲಿ ಅಮೃತಶಿಲೆಯ ಕಂಬಗಳ ಗೆನಾಡಿಯಸ್ ಗ್ರಂಥಾಲಯವಿದೆ. ಗ್ರೀಸ್ ಕುರಿತ ಇಲ್ಲಿನ ಮೂಲ ಸಂಗ್ರಹದಲ್ಲಿ ಸುಮಾರು 26,000 ಸಂಪುಟಗಳು. ಇಷ್ಟನ್ನೂ ಕಲೆಹಾಕಿದವರು ಒಬ್ಬರೇ, ಅದೂ ಬಹುಪಾಲು ಲಂಡನ್ನಿನಲ್ಲಿದ್ದುಕೊಂಡು.

ಜೊವಾನೆಸ್ ಗೆನಾಡಿಯಸ್ (1844–1932) ಅವರ ತಂದೆ ಜಾರ್ಜ್ ಹೆಸರಾಂತ ಶಿಕ್ಷಕರು. ಗ್ರೀಸಿನ ರಾಷ್ಟ್ರೀಯ ಗ್ರಂಥಾಲಯವನ್ನೂ ನೋಡಿಕೊಂಡವರು. ಮಗ ಲಂಡನ್ನಿನ ರಲ್ಲಿ ಬ್ರದರ್ಸ್ ವ್ಯಾಪಾರ ಸಂಸ್ಥೆಯಲ್ಲಿ ನೌಕರಿಗೆ ಸೇರಿದರು. 1870ರಲ್ಲಿ ಗ್ರೀಸಿನ ಡಕಾಯಿತರು ವಿದೇಶಿ ಪ್ರವಾಸಿಗರನ್ನು ಕೊಂದಾಗ ಬ್ರಿಟಿಷ್ ಪತ್ರಿಕೆಗಳು ಇಡೀ ದೇಶವನ್ನೇ ಜರೆದವು. ಗೆನಾಡಿಯಸ್ ತಾಯ್ನಾಡಿನ ಪರ ಪುಸ್ತಕವೊಂದನ್ನು ಬರೆದರು, ನೌಕರಿ ಕಳೆದುಕೊಂಡರು. ಮುಂದೆ ರಾಯಭಾರಿಯಾದರು.

ಅವರ ಸಂಗ್ರಹದ ಹಿಂದೆಯೂ ಇದೇ ಕಾಳಜಿ ಇತ್ತೆಂದು ನನ್ನ ನಂಬಿಕೆ. ಗ್ರೀಕರು ಬರೆದದ್ದಷ್ಟೇ ಅಲ್ಲ, ಹೊರಗಿನವರು ಗ್ರೀಸನ್ನು ಹೇಗೆ ಕಂಡರು ಎಂಬುದೂ ಅವರಿಗೆ ಬೇಕಿತ್ತು. ಹಾಗಾಗಿ ಪ್ರಾಚೀನ ಕಾವ್ಯಗಳ ಹಳೆಯ ಮುದ್ರಣಗಳ ಜೊತೆಗೇ ಪ್ರವಾಸ ಕಥನ, ನಕಾಶೆ, 1821ರ ಸ್ವಾತಂತ್ರ್ಯ ಸಮರದ ಕರಪತ್ರಗಳೂ ಕಪಾಟು ಸೇರಿದವು. ಜನ ಓದಿ ಬಿಸಾಡುವ ಪತ್ರಿಕೆಯ ತುಣುಕು, ಆಮಂತ್ರಣ, ಚಿತ್ರಗಳನ್ನು ಅವರು ವಿಷಯವಾರು ಅಂಟಿಸಿಟ್ಟ ಆಲ್ಬಮ್ಮುಗಳೇ ನೂರಕ್ಕೂ ಹೆಚ್ಚು. ದುಬಾರಿ ಗ್ರಂಥವನ್ನು ಹಣವಿದ್ದವರು ಯಾವಾಗಲಾದರೂ ಕೊಳ್ಳಬಹುದು. ಒಂದು ಕರಪತ್ರವನ್ನು ಹೊತ್ತಿಗೆ ಸರಿಯಾಗಿ ಎತ್ತಿಡುವವರಿಲ್ಲದಿದ್ದರೆ ಅದು ಇಲ್ಲವೇ ಆಗುತ್ತದೆ. ಈ ಸಂಗ್ರಹದ ನಿಜವಾದ ಬೆಲೆ ಅಲ್ಲಿದೆ.

ಸಂಬಳದ ಮನುಷ್ಯನಿಗೆ ಈ ಹವ್ಯಾಸ ಹಗುರವಾಗಿರಲಿಲ್ಲ. ಕೈ ಬರಿದಾಗಿ 1895ರಲ್ಲಿ ಸಂಗ್ರಹದ ದೊಡ್ಡ ಭಾಗವನ್ನು ಸದಬೀಸ್ ಹರಾಜಿಗೆ ಕೊಡಬೇಕಾಯಿತು. ಅವರು ಮತ್ತೆ ಕೊಳ್ಳತೊಡಗಿದರು.

1922ರಲ್ಲಿ ಎಲ್ಲವನ್ನೂ ಅಥೆನ್ಸಿನ ಅಮೆರಿಕನ್ ಸ್ಕೂಲ್ ಆಫ್ ಕ್ಲಾಸಿಕಲ್ ಸ್ಟಡೀಸ್‌ಗೆ ದಾನ ಕೊಟ್ಟರು. ಸಂಗ್ರಹ ಚದುರಕೂಡದು, ಅದಕ್ಕೆ ಪ್ರತ್ಯೇಕ ಕಟ್ಟಡ ಬೇಕು, ತಂದೆಯ ನೆನಪಿನ ಹೆಸರಿರಬೇಕು ಎಂದು ಕರಾರು ಹಾಕಿದರು. ಗ್ರೀಕ್ ಸರ್ಕಾರ ನೆಲ ಕೊಟ್ಟಿತು, ಕಾರ್ನೆಗಿ ಕಾರ್ಪೊರೇಷನ್ ಕಟ್ಟಡದ ಹಣ ಕೊಟ್ಟಿತು. 1926ರಲ್ಲಿ ಬಾಗಿಲು ತೆರೆಯಿತು. ತಾನು ಹೇಳುವ ನಾಡಿನಲ್ಲೇ ನೆಲೆಸುವ ಈ ಭಾಗ್ಯ ಎಲ್ಲ ಸಂಗ್ರಹಗಳಿಗೂ ಇಲ್ಲ. ಪತ್ರಕರ್ತ ಜಾರ್ಜ್ ಮಾರಿಸನ್ ಪೀಕಿಂಗಿನಲ್ಲಿ ಚೀನಾ ಕುರಿತು ಕೂಡಿಸಿದ ಗ್ರಂಥರಾಶಿ 1917ರಲ್ಲಿ ಜಪಾನಿಗೆ ಮಾರಾಟವಾಯಿತು. ಈಗ ಅದು ಟೋಕಿಯೊದ ತೋಯೊ ಬುಂಕೊ ಗ್ರಂಥಾಲಯದಲ್ಲಿ ಒಟ್ಟಾಗಿ ಉಳಿದಿದೆ, ಆದರೆ ಚೀನಾದಲ್ಲಿಲ್ಲ.

ಗೆನಾಡಿಯಸ್ ಸಂಗ್ರಹ ಅವರ ಕಾಲಕ್ಕೇ ನಿಲ್ಲಲಿಲ್ಲ. ಟ್ರಾಯ್ ಅಗೆದ ಹೈನ್‌ರಿಕ್ ಶ್ಲೀಮನ್ ಅವರ ಕಾಗದಪತ್ರಗಳು ಇಲ್ಲಿಗೇ ಬಂದವು. ನೊಬೆಲ್ ಪಡೆದ ಕವಿಗಳಾದ ಸೆಫೆರಿಸ್, ಎಲಿಟಿಸ್ ಅವರವೂ.